ಪ್ರೋಟಾನಿಗೆ ಸಾವುಂಟೆ?

1982ನೆಯ ಇಸವಿ. ನಾನಾಗ ಕೋಲಾರ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಹತ್ತನೆಯ ತರಗತಿಗೆ ಪರಮಾಣು ರಚನೆಯ ಪಾಠ ನಡೆದಿತ್ತು. ‘ಪ್ರೋಟಾನ್ ಸ್ಥಿರವಾದ ಕಣ’ ಎಂದು ಕಪ್ಪುಹಲಗೆಯ ಮೇಲೆ ಬರೆದು ತಿರುಗುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತಿದ್ದ. ಮನೆಮಾತು ತೆಲುಗು, ತಂದೆ ಚಿನ್ನದ ಗಣಿಯ ಕಾರ್ಮಿಕ.

“ಸಾರ್, ನಮ್ಮಪ್ಪ ಇಳಿಯೋ ಗಣಿಯೊಳಗೆ ಬೊಂಬಾಯಿ ವಿಜ್ಞಾನಿಗಳು ಕಬ್ಬಿಣ ಜೋಡಿಸಿಟ್ಟು, ಅದು ಸಾಯುತ್ತಾ ಅಂತ ಕಾಯ್ತಿದ್ದಾರಂತೆ. ಪ್ರೋಟಾನ್ ಸಾಯುತ್ತಾ ಸಾರ್?”

ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. “ಪುಸ್ತಕದಲ್ಲಿ ಸ್ಥಿರ ಎಂದಿದೆ. ಪರೀಕ್ಷೆಯಲ್ಲಿ ಹಾಗೆಯೇ ಬರೆ, ಕುಳಿತುಕೋ” ಎಂದೆ. ಹುಡುಗ ಕುಳಿತ. ಆ ವರ್ಷವಿಡೀ ಮತ್ತೊಂದು ಪ್ರಶ್ನೆಯನ್ನು ಅವನು ಕೇಳಲಿಲ್ಲ.

ಅವನ ತಂದೆ ಹೇಳಿದ್ದು ಅಕ್ಷರಶಃ ನಿಜವಾಗಿತ್ತೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಹೋಮಿ ಭಾಭಾ ಅವರ ಪ್ರೇರಣೆಯಿಂದ ನಮ್ಮ ಮೈಸೂರು ಸೀಮೆಯವರೇ ಆದ ಬಿ.ವಿ. ಶ್ರೀಕಂಠನ್ ಅವರು 1950ರ ದಶಕದ ಆರಂಭದಲ್ಲಿಯೇ ಉಪಕರಣಗಳೊಡನೆ ಕೋಲಾರದ ಗಣಿಗೆ ಇಳಿದಿದ್ದರು. ಆಕಾಶದಿಂದ ಸದಾ ಸುರಿಯುವ ವಿಶ್ವಕಿರಣಗಳನ್ನು ಮೇಲಿನ ಬಂಡೆ ಜರಡಿಯಂತೆ ತಡೆಯುತ್ತದೆ. ಆಳಕ್ಕೆ ಹೋದಷ್ಟೂ ಗದ್ದಲ ಕಡಿಮೆ. ಹಾಗೆಂದೇ 1965ರಲ್ಲಿ, ವಿಶ್ವಕಿರಣಗಳು ವಾಯುಮಂಡಲದಲ್ಲಿ ಹುಟ್ಟಿಸುವ ನ್ಯೂಟ್ರಿನೋ ಕಣಗಳ ಸುಳಿವು ಜಗತ್ತಿನಲ್ಲಿ ಮೊತ್ತಮೊದಲು ಸಿಕ್ಕ ಎಡೆಗಳಲ್ಲಿ ಕೋಲಾರವೂ ಒಂದಾಯಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯೊಡನೆ ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಅಲ್ಲಿ ದುಡಿದಿದ್ದರು.

ಇನ್ನು ಕಬ್ಬಿಣದ ಕಥೆ. 1970ರ ದಶಕದಲ್ಲಿ ಒಡಿಶಾ ಮೂಲದ ಜೋಗೇಶ್ ಪತಿ ಮತ್ತು ಅಬ್ದುಸ್ ಸಲಾಂ ಅವರು ಒಂದು ಬಗೆಯಲ್ಲಿಯೂ, ಜಾರ್ಜಿ ಮತ್ತು ಗ್ಲಾಶೋ ಅವರು ಇನ್ನೊಂದು ಬಗೆಯಲ್ಲಿಯೂ, ಗುರುತ್ವವನ್ನುಳಿದು ಪ್ರಕೃತಿಯ ಬಲಗಳನ್ನು ಒಂದೇ ಸೂತ್ರದಲ್ಲಿ ಪೋಣಿಸಲು ಹೊರಟರು. ಆ ಸೂತ್ರಗಳು ನಿಜವಾಗಿದ್ದರೆ ಪ್ರೋಟಾನ್ ಶಾಶ್ವತವಲ್ಲ. ಎಂದಾದರೊಮ್ಮೆ ಹಗುರ ಕಣಗಳಾಗಿ ಒಡೆಯಲೇಬೇಕು. ಆದರೆ ಅದರ ಸರಾಸರಿ ಆಯುಸ್ಸು 1ರ ಮುಂದೆ 30 ಸೊನ್ನೆಗಳ ಆಸುಪಾಸಿನಷ್ಟು ವರ್ಷ! ವಿಶ್ವದ ವಯಸ್ಸೇ ಕೇವಲ 1,380 ಕೋಟಿ ವರ್ಷ. ಹಾಗಿರುವಾಗ ಯಾರು ಕಾದಾರು?

ಉಪಾಯ ಸರಳವಾದುದು. ನೂರು ವರ್ಷ ಬಾಳುವವನ ಸಾವನ್ನು ಕಾಣಲು ನೂರು ವರ್ಷ ಕಾಯಬೇಕಿಲ್ಲ. ಅಂಥವರೇ ತುಂಬಿದ ಒಂದು ಊರನ್ನು ವರ್ಷಕಾಲ ಗಮನಿಸಿದರೆ ಸಾಕು. ಸುಮಾರು 140 ಟನ್ ಕಬ್ಬಿಣದಲ್ಲಿ ಪ್ರೋಟಾನ್ ಮತ್ತು ನ್ಯೂಟ್ರಾನುಗಳು ಒಟ್ಟು 8ರ ಮುಂದೆ 31 ಸೊನ್ನೆಗಳಷ್ಟಿವೆ. ಆ ಕಬ್ಬಿಣವನ್ನು ತಟ್ಟೆತಟ್ಟೆಯಾಗಿಸಿ, ನಡುನಡುವೆ ಕಣಗಳ ಜಾಡನ್ನು ಗುರುತಿಸುವ ಅನಿಲ ತುಂಬಿದ ಕೊಳವೆಗಳನ್ನಿರಿಸಿ, 2.3 ಕಿಲೋಮೀಟರ್ ಆಳದಲ್ಲಿ 1980ರಲ್ಲಿ ಕಾವಲು ಆರಂಭವಾಯಿತು. ಪ್ರೋಟಾನಿನ ಸಾವನ್ನು ಅರಸಲೆಂದೇ ಕಟ್ಟಿದ ಜಗತ್ತಿನ ಮೊದಲ ದೊಡ್ಡ ಪ್ರಯೋಗಗಳಲ್ಲಿ ಅದೊಂದು. ನನ್ನ ತರಗತಿ ನಕ್ಕಾಗ ಆ ಕಾವಲು ನಡೆದೇ ಇತ್ತು.

ಸಾವಿರಬಹುದೆನ್ನುವ ಕೆಲವು ಗುರುತುಗಳು ಸಿಕ್ಕಿವೆಯೆಂದು ಕೋಲಾರದ ತಂಡ ಪ್ರಕಟಿಸಿತು. ಅಮೆರಿಕ ಮತ್ತು ಜಪಾನಿನ ಇನ್ನೂ ದೊಡ್ಡ ಜಲಾಗಾರಗಳಲ್ಲಿ ಅದಕ್ಕೆ ಸಮರ್ಥನೆ ದೊರೆಯಲಿಲ್ಲ. ಜಪಾನಿನ ಸೂಪರ್ ಕಾಮಿಯೋಕಾಂಡೆ 50,000 ಟನ್ ನೀರಿಟ್ಟುಕೊಂಡು 1996ರಿಂದ ಕಾಯುತ್ತಿದೆ. ಒಂದು ಖಚಿತ ಸಾವನ್ನೂ ಕಂಡಿಲ್ಲ. ಪ್ರೋಟಾನ್ ಒಡೆಯುವ ಮುಖ್ಯ ಬಗೆಯೊಂದರ ಮಟ್ಟಿಗೆ, ಅದರ ಆಯುಸ್ಸು 1ರ ಮುಂದೆ 34 ಸೊನ್ನೆಗಳನ್ನೂ ಮೀರಿರಬೇಕು ಎಂದಷ್ಟೇ ಹೇಳಬಹುದಾಗಿದೆ. ಮೊದಲಿನ ಸರಳ ಸೂತ್ರ ಬಿದ್ದುಹೋಯಿತು, ಪ್ರಶ್ನೆ ಬೀಳಲಿಲ್ಲ.

ಕಾದದ್ದು ವ್ಯರ್ಥವಾಯಿತೆ? ಇಲ್ಲ. ಅದೇ ಕಾಮಿಯೋಕಾದ ಮೊದಲ ತೊಟ್ಟಿಯಲ್ಲಿ 1987ರಲ್ಲಿ ದೂರದ ನಕ್ಷತ್ರವೊಂದರ ಸ್ಫೋಟದ ನ್ಯೂಟ್ರಿನೋಗಳು ಸಿಕ್ಕವು. ನ್ಯೂಟ್ರಿನೋಗಳು ದಾರಿಯಲ್ಲಿ ರೂಪ ಬದಲಿಸುತ್ತವೆಂಬುದು 1998ರಲ್ಲಿ ಹೊರಬಿತ್ತು. ಎರಡಕ್ಕೂ ಮುಂದೆ ನೊಬೆಲ್ ಬಂತು. ಸಾವನ್ನು ಹುಡುಕಹೋದವರಿಗೆ ಬೇರೊಂದು ಸಂಪತ್ತು ದಕ್ಕಿತು.

ಈ ಪ್ರಶ್ನೆಗೆ ಖಗೋಳದ ಇನ್ನೊಂದು ಒಗಟು ತಳಕು ಹಾಕಿಕೊಂಡಿದೆ. ವಿಶ್ವದ ಆರಂಭದಲ್ಲಿ ದ್ರವ್ಯವೂ ಪ್ರತಿದ್ರವ್ಯವೂ ಸಮಸಮವಾಗಿದ್ದಿದ್ದರೆ ಎರಡೂ ಒಂದನ್ನೊಂದು ಅಳಿಸಿ ಬೆಳಕು ಮಾತ್ರ ಉಳಿಯಬೇಕಿತ್ತು. ಆದರೆ ನಾವಿದ್ದೇವೆ. ದ್ರವ್ಯವೇ ಒಂದಿಷ್ಟು ಹೆಚ್ಚಾಗಿ ಉಳಿಯಬೇಕಾದರೆ, ಪ್ರೋಟಾನಿನಂಥ ಕಣಗಳ ಒಟ್ಟು ಲೆಕ್ಕ ಎಲ್ಲೋ ತಪ್ಪಲೇಬೇಕೆಂದು ಸೋವಿಯತ್ ವಿಜ್ಞಾನಿ ಸಖರೋವ್ 1967ರಲ್ಲಿ ತೋರಿಸಿದರು. ಹುಟ್ಟಿಗೆ ಎಡೆಕೊಟ್ಟ ನಿಯಮವೇ ಸಾವಿಗೂ ಎಡೆಕೊಟ್ಟೀತು. ಬಂಡೆಯ ತಳದಲ್ಲಿ ಅವರು ಕಾಯುತ್ತಿದ್ದುದು, ಒಂದರ್ಥದಲ್ಲಿ, ನಾವೇಕೆ ಇದ್ದೇವೆಂಬುದರ ಉತ್ತರಕ್ಕಾಗಿಯೇ.

ಕೋಲಾರದ ಪ್ರಯೋಗ 1990ರ ದಶಕದ ಆರಂಭದಲ್ಲಿ ನಿಂತಿತು. 2001ರಲ್ಲಿ ಗಣಿಯೇ ಮುಚ್ಚಿತು. ಸುರಂಗಗಳಲ್ಲಿ ನೀರು ತುಂಬಿತು.

ಎರಡು ವರ್ಷಗಳ ಹಿಂದೆ ಆ ‘ಹುಡುಗ’ ಮೊಮ್ಮಗನೊಡನೆ ನಮ್ಮ ಮನೆಗೆ ಬಂದಿದ್ದ. ತಲೆ ನರೆತಿದೆ. ತಂದೆ ತೀರಿಹೋಗಿದ್ದಾರೆ. ಕಾಫಿ ಮುಗಿದ ಮೇಲೆ, ನಾಲ್ಕು ದಶಕಗಳಿಂದ ಮನಸ್ಸಿನಲ್ಲಿ ಕೊರೆಯುತ್ತಿದ್ದುದನ್ನು ಹೇಳಿಕೊಂಡೆ. ಅವನಿಗೆ ತರಗತಿ ನಕ್ಕಿದ್ದು ನೆನಪಿರಲಿಲ್ಲ. ಅಥವಾ ನೆನಪಿಲ್ಲವೆಂದು ದೊಡ್ಡ ಮನಸ್ಸಿನಿಂದ ಹೇಳಿದನೋ ಏನೋ.

“ಅಪ್ಪನ ಮಾತು ಮಾತ್ರ ನೆನಪಿದೆ ಸಾರ್. ‘ನಾವು ದಿನಾ ಅಗೆದು ಏನಾದರೂ ತರ್ತೀವಿ. ಅವರು ಏನೂ ತರಲ್ಲ, ಆದರೂ ಬೇಜಾರಿಲ್ಲದೆ ಕಾಯ್ತಾರೆ’ ಅನ್ನೋರು.”

ಪಕ್ಕದಲ್ಲಿದ್ದ ಮಗು ಎಲ್ಲವನ್ನೂ ಕೇಳಿಸಿಕೊಂಡಿತ್ತು. “ತಾತಾ, ಹಂಗಾದ್ರೆ ಪ್ರೋಟಾನ್ ಸಾಯುತ್ತಾ, ಇಲ್ವಾ?” ಎಂದಿತು.

“ಗೊತ್ತಿಲ್ಲಪ್ಪ” ಎಂದೆ. “ನನಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಜಪಾನಿನಲ್ಲಿ ಹಿಂದಿನದಕ್ಕಿಂತ ಬಹಳ ದೊಡ್ಡ ತೊಟ್ಟಿಯೊಂದನ್ನು ಕಟ್ಟುತ್ತಿದ್ದಾರೆ. ನೀನು ದೊಡ್ಡವನಾಗುವಷ್ಟರಲ್ಲಿ ತಿಳಿದರೂ ತಿಳಿಯಬಹುದು.”

ಮೂವತ್ತು ವರ್ಷಗಳಿಗೂ ಮೀರಿ ಪಾಠ ಹೇಳಿದವನು ನಾನು. 1982ರಲ್ಲಿ ಇಷ್ಟೇ ಹೇಳಿದ್ದರೆ ಸಾಕಾಗಿತ್ತು.