ಸೆಕೆಂಡ್ ಶಿಫ್ಟಿನವರಿಗೆ ಹೇಳಿದ ಕತೆ

ನಿಮಗೆ ಭದ್ರಾವತಿಯ ಪೇಪರ್ ಟೌನಿನ ವಾಸನೆ ಗೊತ್ತಿದೆಯೋ ಇಲ್ಲವೋ. ಗೊತ್ತಿದ್ದವರಿಗೆ ವಿವರಿಸಬೇಕಿಲ್ಲ, ಗೊತ್ತಿಲ್ಲದವರಿಗೆ ವಿವರಿಸಿ ಪ್ರಯೋಜನವಿಲ್ಲ. ಬಿದಿರು, ನೀಲಗಿರಿ ಬೇಯುವಾಗ ಏಳುವ ಆ ಘಾಟು ಗಾಳಿ ತಿರುಗಿದ ಕಡೆಗೆಲ್ಲ ತಿರುಗಿ, ಒಗೆದು ಹರವಿದ ಬಟ್ಟೆಗೆ, ಆಗಷ್ಟೇ ಬಸಿದ ಅನ್ನಕ್ಕೆ, ಶಾಲೆಯ ಪುಸ್ತಕಕ್ಕೆ ಹತ್ತಿಕೊಳ್ಳುತ್ತಿತ್ತು. ಪರವೂರಿನ ನೆಂಟರು ಬಸ್ಸಿಳಿದ ಕೂಡಲೇ ಮೂಗಿಗೆ ಸೆರಗು ಹಿಡಿಯುತ್ತಿದ್ದರು. ನಮಗೆ ಮಾತ್ರ ಅದು ಮನೆ ಹತ್ತಿರ ಬಂತು ಅನ್ನುವ ಗುರುತು. ನಾನು ಟಿವಿ ನೋಡಲು ಕಲಿತದ್ದು ಆ ವಾಸನೆಯೊಳಗೆ ಕೂತು. ಪಂಡಿತ್ ರವಿಶಂಕರ್ ಮತ್ತು ಉಸ್ತಾದ್ ಅಲಿ ಅಹ್ಮದ್ ಹುಸೇನ್ ಖಾನ್ ಕೂಡಿಸಿದ ಆ ಹಳೆಯ ದೂರದರ್ಶನದ ಆರಂಭದ ಸಂಗೀತ ಈಗಲೂ ಎಲ್ಲಾದರೂ ಕಿವಿಗೆ ಬಿದ್ದರೆ, ಮೊದಲು ಬರುವುದು ಕಾಗದದ ತಿರುಳಿನ ಘಾಟು, ಆಮೇಲೆ ಸುತ್ತಿ ಸುತ್ತಿ ಬಂದು ಕಣ್ಣಿನಾಕಾರಕ್ಕೆ ಕೂಡಿಕೊಳ್ಳುವ ಆ ಎರಡು ಬಳುಕು ಗೆರೆ.

ಟಿವಿಗೂ ಮುಂಚೆ ನಮಗೆ ರೇಡಿಯೊ ಇತ್ತು. ಬೇರೆ ಊರಿನವರಿಗೆ ರೇಡಿಯೊ ಅಂದರೆ ಎಲ್ಲೋ ದೂರದಿಂದ ಬರುವ ದನಿ. ನಮ್ಮಲ್ಲಿ ಹಾಗಲ್ಲ, 1965ರಿಂದ ಆಕಾಶವಾಣಿ ನಿಲಯ ಊರೊಳಗೇ ಇತ್ತು. ಬೆಳಗ್ಗೆ ಒಲೆಯ ಪಕ್ಕದಲ್ಲಿ ಕೇಳಿದ ದನಿಯವರು ಸಂಜೆ ಸಂತೆಯಲ್ಲಿ ಹುರುಳಿಕಾಯಿ ಆರಿಸುತ್ತ ನಿಂತಿರುತ್ತಿದ್ದರು, ಅಮ್ಮ ನನ್ನ ಕೈ ಅದುಮಿ "ಇವರೇ ಕಣೋ" ಅನ್ನುತ್ತಿದ್ದಳು. ಇನ್ನು ವೇಳೆ ತಿಳಿಸುವುದಕ್ಕೆ ಕಾರ್ಖಾನೆಯ ಸೈರನ್ ಇತ್ತು. ಒಂದು ಕಡೆ 1923ರಿಂದ ಕಬ್ಬಿಣ ಕರಗಿಸುತ್ತ ಬಂದ ವಿಐಎಸ್ಎಲ್, ಇನ್ನೊಂದು ಕಡೆ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ, ನಮ್ಮ ಬಾಯಲ್ಲಿ ಎಂಪಿಎಂ. ಬೆಳಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು. ಫಸ್ಟ್ ಶಿಫ್ಟು, ಸೆಕೆಂಡ್ ಶಿಫ್ಟು, ನೈಟ್ ಶಿಫ್ಟು. ಅಕ್ಕಿ ನೆನೆಹಾಕುವುದು, ಮಕ್ಕಳ ತಲೆ ಬಾಚುವುದು, ಜಗಳ ಆಡುವುದು, ರಾಜಿಯಾಗುವುದು, ಎಲ್ಲವೂ ಆ ಕೂಗಿನ ಹಿಂದೆ ಮುಂದೆ.

ಟಿವಿ ಬಂದದ್ದು ಬೋನಸ್ ದುಡ್ಡಿನಲ್ಲಿ. ನಮ್ಮ ಸಾಲಿನ ಕ್ವಾರ್ಟರ್ಸಿನಲ್ಲಿ ಮೊದಲು ಮೂಲೆಮನೆಯ ಮಾಮಿಯ ಮನೆಗೆ, ಆಮೇಲೆ ನಮ್ಮ ಮನೆಗೆ. ಮರದ ಪೆಟ್ಟಿಗೆ, ಎರಡು ಕಡೆಗೆ ಜಾರುವ ಬಾಗಿಲು, ಅದರ ಮೇಲೆ ಅಮ್ಮ ಕ್ರೋಶಾದಲ್ಲಿ ಹೆಣೆದ ಹೊದಿಕೆ. ಕಪ್ಪು ಬಿಳುಪಿನ ಪರದೆ ಆರಿದ ಮೇಲೂ ಅಂಗೈ ಹತ್ತಿರ ಹಿಡಿದರೆ ಕೂದಲು ನಿಮಿರುತ್ತಿತ್ತು, ಗಾಜಿನ ಮೇಲೆ ಚಟಚಟ ಸದ್ದು. ಮಳೆಗಾಲದಲ್ಲಿ ಆ್ಯಂಟೆನಾ ತಿರುಗಿ ಚಿತ್ರದ ತುಂಬ ಚುಕ್ಕಿ. ಹೊರಗೆ ಜಡಿಮಳೆ, ಒಳಗೆ ಟಿವಿಯಲ್ಲೂ ಮಳೆ. ಆಗ ನಮಗೆ ಸಿಗುತ್ತಿದ್ದದ್ದು ಬಹುಪಾಲು ದೆಹಲಿಯ ಹಿಂದಿ. ಅರ್ಥ ಅರ್ಧ ಆಗುತ್ತಿತ್ತು, ಇನ್ನರ್ಧವನ್ನು ನಾವೇ ಮಾಡಿಕೊಳ್ಳುತ್ತಿದ್ದೆವು. ಭಾನುವಾರ ಮಧ್ಯಾಹ್ನ, ಕಿವಿ ಕೇಳದವರಿಗಾಗಿ ಕೈಸನ್ನೆಯಲ್ಲಿ ಓದುವ ವಾರ್ತೆ ಮುಗಿದ ಮೇಲೆ, ಭಾರತದ ಯಾವುದೋ ಒಂದು ಭಾಷೆಯ ಸಿನಿಮಾ ಬರುತ್ತಿತ್ತು. ಆ ವಾರದ ಸರದಿ ಕನ್ನಡದ್ದು ಅಂತ ಗೊತ್ತಾದರೆ ಸಾಲಿನ ಅಷ್ಟೂ ಮನೆಯಲ್ಲಿ ಹನ್ನೆರಡಕ್ಕೇ ಊಟ ಮುಗಿದು ಒಲೆ ಸಾರಿಸಿರುತ್ತಿದ್ದರು.

ಅಂಥ ಹೊತ್ತಿನಲ್ಲಿ, 1986ರಲ್ಲಿ, ಮಾಲ್ಗುಡಿ ಡೇಸ್ ಬಂತು. ಆರ್. ಕೆ. ನಾರಾಯಣ್ ಅವರ ಕತೆ, ಅವರ ತಮ್ಮ ಲಕ್ಷ್ಮಣ್ ಅವರ ರೇಖೆ, ಎಲ್. ವೈದ್ಯನಾಥನ್ ಅವರ ಸಂಗೀತ, ಶಂಕರ್‌ನಾಗ್ ನಿರ್ದೇಶನ. ಇದೆಲ್ಲ ನಾನು ಆಮೇಲೆ ತಿಳಿದದ್ದು. ಅವತ್ತು ನಮ್ಮ ಮನೆಯ ಜಗಲಿಯವರೆಗೆ ಕೂತಿದ್ದ ಮಂದಿಗೆ ಗೊತ್ತಿದ್ದದ್ದು ಒಂದೇ: ಇದು ನಮ್ಮ ಜಿಲ್ಲೆಯ ಆಗುಂಬೆ. ಪರದೆಯ ಮೇಲಿನ ಮಂದಿ ಹಿಂದಿ ಆಡುತ್ತಿದ್ದರು, ಆದರೆ ಮನೆಯ ಕಂಬ, ಹಂಚಿನ ಸೂರು, ಅಂಗಳದ ತುಳಸಿ, ಸೂರಿನಿಂದ ಇಳಿಯುವ ನೀರು, ಇವೆಲ್ಲ ಕನ್ನಡದವೇ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ಅಪ್ಪನಾಗಿ ಗಿರೀಶ ಕಾರ್ನಾಡ, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ವೈಶಾಲಿಯವರು ಮಗನ ಕಡೆ ನೋಡುವ ಆ ನೋಟಕ್ಕೆ ನಮ್ಮ ಬೀದಿಯ ಹೆಂಗಸರಿಗೆ ಯಾವ ಅನುವಾದವೂ ಬೇಕಾಗಲಿಲ್ಲ. ರೈಲು ಬಂದು ನಿಲ್ಲುವ ಸ್ಟೇಷನ್ನು ಶಿವಮೊಗ್ಗ–ತಾಳಗುಪ್ಪ ದಾರಿಯ ಅರಸಾಳು. ನಮ್ಮ ಮನೆಗೆ ಬಂದಿದ್ದ ಸಾಗರದ ಕಡೆಯ ನೆಂಟರೊಬ್ಬರು ಅದನ್ನು ಕಂಡು "ನಾ ದಿನಾ ಇಳಿಯೋ ಜಾಗ ಕಣ್ರೀ ಅದು!" ಅಂತ ಎದ್ದು ನಿಂತೇ ಬಿಟ್ಟರು, ಹಿಂದೆ ಕೂತವರು ಅವರನ್ನು ಎಳೆದು ಕೂರಿಸಬೇಕಾಯಿತು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ಆನಗೋಡಿನ ಬಳಿ ಶಂಕರ್‌ನಾಗ್ ಅಪಘಾತದಲ್ಲಿ ಹೋದ ಸುದ್ದಿ ಬಂದಾಗ ಬೀದಿಯ ಯಾರ ಮನೆಯಲ್ಲೂ ಟಿವಿ ಹಾಕಲಿಲ್ಲ. ಯಾರೂ ಹಾಗೆ ಹೇಳಿರಲಿಲ್ಲ.

ರಾಮಾಯಣದ್ದು ಬೇರೆಯದೇ ಕತೆ. 1987ರ ಜನವರಿ 25ಕ್ಕೆ ಶುರುವಾಗಿ, ಭಾನುವಾರ ಬೆಳಗ್ಗೆ ಒಂಬತ್ತೂವರೆಗೆ ಬರುತ್ತಿತ್ತು. ದೇಶದ ಬೀದಿಗಳೆಲ್ಲ ಬಿಕೋ ಅನ್ನುತ್ತಿದ್ದವು ಅಂತ ಎಲ್ಲರೂ ಬರೆದಿದ್ದಾರೆ. ನಮ್ಮೂರಲ್ಲಿ ಮಾತ್ರ ಬೀದಿ ಖಾಲಿಯಾದರೂ ಕಾರ್ಖಾನೆ ಖಾಲಿಯಾಗುವಂತಿರಲಿಲ್ಲ. ಕುಲುಮೆ ಭಾನುವಾರ ಅಂತ ಆರುವುದಿಲ್ಲ, ಕಾಗದದ ಯಂತ್ರ ಸೀತಾಪಹರಣ ಅಂತ ನಿಲ್ಲುವುದಿಲ್ಲ. ಹಾಗಾಗಿ ಶನಿವಾರ ಸಂಜೆ ಶಿಫ್ಟು ಬದಲಿಸಿಕೊಳ್ಳುವ ಮಾತುಕತೆ. ಕ್ರೈಸ್ತರು, ಮುಸಲ್ಮಾನರು ಎಷ್ಟೋ ಜನ ತಾವಾಗಿ "ನೀವು ರಾಮಾಯಣ ನೋಡಿ, ನಾ ಹೋಗ್ತೀನಿ" ಅಂತ ಫಸ್ಟ್ ಶಿಫ್ಟಿಗೆ ನಿಲ್ಲುತ್ತಿದ್ದರು, ರಂಜಾನಿನಲ್ಲಿ, ಕ್ರಿಸ್ಮಸ್ಸಿನಲ್ಲಿ ಆ ಬಾಕಿ ತೀರುತ್ತಿತ್ತು. ಆದರೂ ಎಲ್ಲ ಭಾನುವಾರವೂ ಬದಲಿ ಸಿಗುತ್ತಿರಲಿಲ್ಲ. ಅಪ್ಪನಿಗೆ ಸೇತುವೆ ಕಟ್ಟಿದ ಕಂತು ತಪ್ಪಿಹೋಯಿತು. ಎರಡೂವರೆಗೆ ಸೈಕಲ್ಲು ಗೋಡೆಗೆ ಒರಗಿಸಿ, ಕೈಕಾಲು ತೊಳೆದು, ಎಲೆಯ ಮುಂದೆ ಕೂತವರಿಗೆ ಅಮ್ಮ ಹುಳಿ ಬಡಿಸುತ್ತ ಕಲ್ಲು ತೇಲಿದ್ದನ್ನು ಹೇಳಿದಳು. ಕತೆ ಹೇಳುವ ಆ ಪದ್ಧತಿ ಶುರುವಾದದ್ದು ಅಲ್ಲಿ.

ಅದು ನಿಜವಾಗಿ ಬೆಳೆದು ನಿಂತದ್ದು ಮಾಯಾಮೃಗದ ಕಾಲಕ್ಕೆ. 1998. ಅಷ್ಟೊತ್ತಿಗೆ ಬೆಂಗಳೂರು ದೂರದರ್ಶನದ ಕನ್ನಡ ನಮಗೂ ಚೆನ್ನಾಗಿ ಸಿಗುತ್ತಿತ್ತು, ನಡುವೆ ಸದಾನಂದ ಸುವರ್ಣರ ಗುಡ್ಡದ ಭೂತ ಬಂದು ಮಕ್ಕಳನ್ನೆಲ್ಲ ರಾತ್ರಿ ಒಬ್ಬೊಬ್ಬರೇ ಬಚ್ಚಲಿಗೆ ಹೋಗದಂತೆ ಮಾಡಿತ್ತು. ಟಿ. ಎನ್. ಸೀತಾರಾಂ ಅವರ ಮಾಯಾಮೃಗ ಸಂಜೆ ನಾಲ್ಕೂವರೆಗೆ ಬರುತ್ತಿತ್ತು. ಯಾರೂ ಟಿವಿ ನೋಡದ ಹೊತ್ತು ಅದು, ಕಾಫಿಗೆ ಹಾಲು ಕಾಯಿಸುವ ಹೊತ್ತು. ಆ ಹೊತ್ತನ್ನೇ ಅವರು ಇಡೀ ನಾಡಿಗೆ ಕಾಯುವ ಹೊತ್ತು ಮಾಡಿದರು. ಅತ್ತೆ ಸೊಸೆಯರ ವಿಷದ ಮಾತಿಲ್ಲ, ಒಡವೆ ಹೇರಿಕೊಂಡು ಮಲಗುವ ಹೆಂಗಸರಿಲ್ಲ. ಮಧ್ಯಮ ವರ್ಗದ ಮನೆಗಳ ಕಷ್ಟ, ಕೆಲಸ, ಸಾಲ, ಸ್ವಾಭಿಮಾನ, ಆಮೇಲೆ ಕೋರ್ಟು. ನಟಿ ಮಾಳವಿಕಾ ಅವರನ್ನು ನಾವು ಮೊದಲು ಕಂಡದ್ದು ಅದರಲ್ಲೇ. ಶೀರ್ಷಿಕೆ ಗೀತೆ ಶುರುವಾದರೆ ಸಾಲಿನ ಒಂದೊಂದೇ ಕಿಟಕಿಯಿಂದ ಅದೇ ಹಾಡು ಹೊರಟು, ನೀವು ಬೀದಿಯಲ್ಲಿ ಈ ತುದಿಯಿಂದ ಆ ತುದಿಗೆ ನಡೆದರೂ ಒಂದು ಸಾಲೂ ತಪ್ಪುತ್ತಿರಲಿಲ್ಲ.

ಫಸ್ಟ್ ಶಿಫ್ಟಿನ ವಾರ ಅಪ್ಪ ನಿದ್ದೆ ಮುಗಿಸಿ ಎದ್ದು ಕೂರುತ್ತಿದ್ದರು. ನೈಟ್ ಶಿಫ್ಟಿನ ವಾರವೂ ಸರಿ. ತೊಂದರೆ ಸೆಕೆಂಡ್ ಶಿಫ್ಟಿನದು. ಹತ್ತರ ಸೈರನ್ ಕೂಗಿ, ಸೈಕಲ್ ಗಂಟೆಗಳ ಸದ್ದು ಸಾಲಾಗಿ ಬೀದಿಗೆ ಇಳಿದು, ನಮ್ಮ ಗೇಟಿನ ಚಿಲಕ ಅಲುಗಿದರೆ ಅಮ್ಮ ಎದ್ದು ಸಾರು ಬಿಸಿಗಿಡುತ್ತಿದ್ದಳು. ಅಪ್ಪ ಮೊದಲ ತುತ್ತಿಗೆ ಕೇಳುತ್ತಿದ್ದರು, "ಏನಾಯ್ತೇ ಇವತ್ತು?" "ಅಯ್ಯೋ, ಏನ್ ಕೇಳ್ತೀರಿ" ಅಂತ ಅಮ್ಮ ಗೋಡೆಗೆ ಒರಗಿ ಕೂರುತ್ತಿದ್ದಳು. ಅವಳು ಹೇಳುವ ಕಂತಿನಲ್ಲಿ ಜಾಹೀರಾತು ಇರಲಿಲ್ಲ. ಯಾರು ಯಾವ ಸೀರೆ ಉಟ್ಟಿದ್ದರು, ಯಾರ ದನಿ ಯಾವ ಮಾತಿಗೆ ನಡುಗಿತು, ಯಾರು ಸುಳ್ಳು ಹೇಳಿದರು, ಎಲ್ಲ ಇರುತ್ತಿತ್ತು. ನಡುನಡುವೆ ತನ್ನ ತೀರ್ಪು. ಒಮ್ಮೊಮ್ಮೆ ಪಾತ್ರಗಳ ಬಾಯಲ್ಲಿ ತಾನು ಅಪ್ಪನಿಗೆ ನೇರವಾಗಿ ಹೇಳಲಾಗದ ಮಾತನ್ನೂ ಸೇರಿಸುತ್ತಿದ್ದಳು ಅಂತ ನನಗೀಗ ಅನ್ನಿಸುತ್ತದೆ. ಅಪ್ಪನಿಗೆ ಆಗಲೇ ತಿಳಿದಿತ್ತೇನೋ, ಆ ಜಾಗದಲ್ಲಿ ತಲೆ ಎತ್ತದೆ ಅನ್ನ ಕಲೆಸುತ್ತಿದ್ದರು. ನಾನು ಚಾಪೆಯ ಮೇಲೆ ಕಣ್ಣುಮುಚ್ಚಿ, ಸಂಜೆ ನೋಡಿದ್ದನ್ನೇ ಮತ್ತೆ ಕೇಳುತ್ತಿದ್ದೆ. ಮುಂದಿನ ವಾರ ತಾವೇ ಟಿವಿ ಮುಂದೆ ಕೂತು ನೋಡಿದ ಮೇಲೆ ಅಪ್ಪ ಅಂದದ್ದು ನನಗೆ ನೆನಪಿದೆ: "ನೀನು ಹೇಳಿದ್ದೇ ಚೆನ್ನಾಗಿತ್ತು." ಅದೇ ಹೊತ್ತಿಗೆ ಪಕ್ಕದ ಮನೆಯಲ್ಲೂ, ಅದರಾಚೆಯ ಮನೆಯಲ್ಲೂ ದೀಪ ಉರಿಯುತ್ತಿತ್ತು. ಭದ್ರಾವತಿಯ ಎಷ್ಟು ಅಡುಗೆಮನೆಗಳಲ್ಲಿ ಮಾಯಾಮೃಗ ರಾತ್ರಿ ಹತ್ತೂವರೆಗೆ ಎರಡನೆಯ ಸಲ ಪ್ರಸಾರವಾಯಿತೋ, ಅದರ ಲೆಕ್ಕ ಯಾವ ದೂರದರ್ಶನದ ಬಳಿಯೂ ಇರಲಾರದು.

ಆಮೇಲೆ ಕೇಬಲ್ ಬಂತು, 2000ದ ಡಿಸೆಂಬರಿನಲ್ಲಿ ಈಟಿವಿ ಬಂತು, ಮನ್ವಂತರ, ಮುಕ್ತ, ವೈಶಾಲಿಯವರೇ ನಿರ್ದೇಶಿಸಿದ ಮೂಡಲಮನೆ. ಒಳ್ಳೆಯವೇ. ಆದರೆ ರಾತ್ರಿ ಬಂದದ್ದು ಬೆಳಗ್ಗೆ ಮತ್ತೆ ಬರತೊಡಗಿತು. ತಪ್ಪಿದ್ದನ್ನು ಹೇಳುವವರು ಬೇಕಾಗಲಿಲ್ಲ. ಅಪ್ಪ ನಿವೃತ್ತರಾದರು, ನಾವು ಶಿವಮೊಗ್ಗದ ವಿನೋಬನಗರಕ್ಕೆ ಬಂದೆವು. ಅರ್ಧ ಗಂಟೆಯ ದಾರಿ, ಆದರೆ ಸೈರನ್ ಇಲ್ಲಿಗೆ ಕೇಳುತ್ತಿರಲಿಲ್ಲ. ಮೊದಮೊದಲು ಎರಡು ಗಂಟೆಗೆ ಅಪ್ಪ ಸುಮ್ಮನೆ ಬಾಗಿಲವರೆಗೆ ಹೋಗಿ ಬರುತ್ತಿದ್ದರು.

2015ರ ಹೊತ್ತಿಗೆ ಎಂಪಿಎಂ ಯಂತ್ರಗಳು ನಿಂತವು. 2023ರ ಜನವರಿಯಲ್ಲಿ ವಿಐಎಸ್ಎಲ್ ಮುಚ್ಚುವ ತೀರ್ಮಾನದ ಸುದ್ದಿ ಬಂತು, ಕಾರ್ಮಿಕರು ಗೇಟಿನ ಮುಂದೆ ಕೂತರು. ಈಚೆಗೆ ಪೇಪರ್ ಟೌನಿಗೆ ಹೋಗಿದ್ದೆ. ನಮ್ಮ ಸಾಲಿನಲ್ಲಿ ಲಂಟಾನ ಎದೆಮಟ್ಟ ಬೆಳೆದಿದೆ, ಸೂರಿನ ಮೇಲೆ ಆ್ಯಂಟೆನಾ ಕಟ್ಟಿದ್ದ ಕಬ್ಬಿಣದ ಕೊಳವೆ ಇನ್ನೂ ಇದೆ. ಗಾಳಿ ಶುದ್ಧವಾಗಿತ್ತು. ಯಾವ ವಾಸನೆಯೂ ಇರಲಿಲ್ಲ. ಅದೊಂದು ನನಗೆ ಸಹಿಸಲಿಕ್ಕಾಗಲಿಲ್ಲ ನೋಡಿ.

ಕಳೆದುಹೋದದ್ದು ಧಾರಾವಾಹಿಗಳಲ್ಲ. ಅವು ಎಲ್ಲಿಗೂ ಹೋಗಿಲ್ಲ. ಅರಸಾಳು ಸ್ಟೇಷನ್ನಿನಲ್ಲಿ 2020ರಿಂದ ಮಾಲ್ಗುಡಿ ಮ್ಯೂಸಿಯಂ ಇದೆ, ಹೋಗಿ ಫೋಟೊ ತೆಗೆಸಿಕೊಳ್ಳಬಹುದು. ಅದೇ ವರ್ಷ ಲಾಕ್‌ಡೌನಿನಲ್ಲಿ, ಮಾರ್ಚ್ 28ರಿಂದ, ದೂರದರ್ಶನ ರಾಮಾಯಣವನ್ನು ಮತ್ತೆ ಹಾಕಿತು. ಯಾರಿಗೂ ಶಿಫ್ಟಿಲ್ಲ, ಮನೆಮಂದಿಯೆಲ್ಲ ಮನೆಯಲ್ಲೇ. ಸೇತುವೆಯ ಕಂತು ಬಂದಾಗ ಅಮ್ಮ ತಾನಾಗಿ ಹೇಳಿದಳು, "ಇದು ನಿಮ್ಮಪ್ಪ ನೋಡಿರಲಿಲ್ಲ." ಅಷ್ಟರಲ್ಲಿ ಅಪ್ಪ ತೀರಿಕೊಂಡು ಕೆಲವು ವರ್ಷ ಆಗಿತ್ತು. ಆಮೇಲೊಂದು ದಿನ ನಾನು ಯೂಟ್ಯೂಬಿನಲ್ಲಿ ಮಾಯಾಮೃಗ ಹುಡುಕಿ ಅವಳ ಕೈಗೆ ಫೋನು ಕೊಟ್ಟೆ. ಶೀರ್ಷಿಕೆ ಗೀತೆಗೆ ಅವಳ ಮುಖ ಅರಳಿತು. ಎರಡು ಕಂತು ನೋಡಿದಳು, ಎರಡೂ ಪೂರ್ತಿ. ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ, "ಚೆನ್ನಾಗೇ ಇದೆ. ಆದ್ರೆ ಇದನ್ನ ಈಗ ಯಾರಿಗೆ ಹೇಳ್ಲಿ?" ಅಂದಳು. ಫೋನು ನನಗೆ ವಾಪಸ್ಸು ಕೊಟ್ಟಳು.

ಅವತ್ತಿನಿಂದ ನಾನು ಅಮ್ಮನ ಏಳೂವರೆಯ ಧಾರಾವಾಹಿಯ ಹೊತ್ತಿಗೆ ಬೇಕೆಂದೇ ಹೊರಗೆ ಇರುತ್ತೇನೆ, ಬಂದು ಕೈಕಾಲು ತೊಳೆದು ಊಟಕ್ಕೆ ಕೂತು ಕೇಳುತ್ತೇನೆ. ನಿಮ್ಮ ಮನೆಯಲ್ಲೂ ದಿನಾ ಒಂದೇ ಹೊತ್ತಿಗೆ ಟಿವಿ ಮುಂದೆ ಕೂರುವ ಒಬ್ಬರು ಇದ್ದಾರು. ಆ ಧಾರಾವಾಹಿ ನಿಮಗೆ ಹಿಡಿಸದಿರಬಹುದು, ಹಿಡಿಸಬೇಕಾಗಿಯೂ ಇಲ್ಲ. ಇವತ್ತು ಊಟಕ್ಕೆ ಕೂತಾಗ ಫೋನು ಆಚೆ ಇಟ್ಟು, ಕತೆ ಎಲ್ಲಿಗೆ ಬಂತು ಅಂತ ಅವರನ್ನೊಮ್ಮೆ ಕೇಳಿ.