ಗದ್ದೆಯ ಹಾಡೂ ಕವಿಯ ಮೊದಲ ಪುಸ್ತಕವೂ

ಕಳೆದ ಮಳೆಗಾಲದಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ತಾನು ಬರೆದ ಪದ್ಯವೊಂದನ್ನು ನನಗೆ ತೋರಿಸಿದಳು. ಮಾತು ಕನ್ನಡ, ನಡೆ ಮಾತ್ರ ಅವಳ ಅಜ್ಜಿ ನೇಜಿ ನೆಡುವಾಗ ಹಾಡುವ ತುಳು ಓಬೇಲೆಯದು. ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆಯೆಳೆದು, "ಇದು ಗದ್ದೆಯ ಹಾಡು, ಕವಿತೆಯಲ್ಲ" ಎಂದು ಬರೆದುಕೊಟ್ಟೆ. ಈ ಗಡಿನಾಡಿನಲ್ಲಿ ಕನ್ನಡವನ್ನು ಶುದ್ಧವಾಗಿ ಉಳಿಸಬೇಕೆಂಬ ಕಾಳಜಿಯೇ ಹಾಗೆ ಬರೆಸಿತೆಂದು ಸಮಾಧಾನ ತಂದುಕೊಂಡೆ.

ಆ ಸಮಾಧಾನವನ್ನು ಕೆಡಿಸಿದ್ದು ಕೆನಡಾದ ಕವಿ, ಗಾಯಕ ಲೆನರ್ಡ್ ಕೋಹೆನರ ಜೀವನ ವೃತ್ತಾಂತ. 1934ರಲ್ಲಿ ಮಾಂಟ್ರಿಯಲ್ ನಗರದಲ್ಲಿ, ಫ್ರೆಂಚ್ ನುಡಿಯ ಬಹುಜನರ ನಡುವೆ, ಇಂಗ್ಲಿಷಾಡುವ ಯಹೂದಿ ಮನೆತನದಲ್ಲಿ ಹುಟ್ಟಿದವರು ಅವರು. ಒಂಬತ್ತನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡರು. 1952ರಲ್ಲಿ, ಹದಿನೇಳರ ಪ್ರಾಯದಲ್ಲಿ, ಇಬ್ಬರು ಗೆಳೆಯರೊಡನೆ 'ಬಕ್‌ಸ್ಕಿನ್ ಬಾಯ್ಸ್' ಎಂಬ ಮೇಳ ಕಟ್ಟಿದರು. ಮೂವರಲ್ಲಿಯೂ ಜಿಂಕೆತೊಗಲಿನ ಅಂಗಿಯಿದ್ದುದರಿಂದ ಆ ಹೆಸರು. ಕೋಹೆನರು ತೊಟ್ಟದ್ದು ತೀರಿಹೋದ ತಂದೆಯ ಅಂಗಿಯನ್ನು. ನುಡಿಸಿದ್ದು ಕಂಟ್ರಿ ಸಂಗೀತ. ಅಮೆರಿಕದ ದಕ್ಷಿಣ ಪ್ರಾಂತಗಳ ಹಳ್ಳಿ ಗುಡ್ಡಗಳಲ್ಲಿ ಪಿಟೀಲು, ಬ್ಯಾಂಜೊ, ಗಿಟಾರುಗಳೊಡನೆ ಬೆಳೆದ ಹಾಡು ಅದು. ಸರಳವಾದ ಮಾತು, ಮರಳಿ ಬರುವ ಪಲ್ಲವಿ, ಹೇಳಲೊಂದು ಕಥೆ: ಇಷ್ಟೇ ಅದರ ಬಂಡವಾಳ.

1956ರಲ್ಲಿ ಅವರ ಮೊದಲ ಕವನ ಸಂಕಲನ 'ಲೆಟ್ ಅಸ್ ಕಂಪೇರ್ ಮಿಥಾಲಜೀಸ್' ಹೊರಬಂದಿತು; ಅದನ್ನು ತಂದೆಯ ನೆನಪಿಗೆ ಅರ್ಪಿಸಿದರು. ಅದರ ವಸ್ತು ಬೈಬಲ್ಲಿನದು, ಪುರಾಣಗಳದು. ಮೇಳದ ಕುಣಿತದ ಹಾಡುಗಳು ಅಲ್ಲಿಲ್ಲ. ಆದರೆ ಅಲ್ಲಿಯ ಹೆಚ್ಚಿನ ಕವಿತೆಗಳು ಹದಿನೈದರಿಂದ ಇಪ್ಪತ್ತರ ಪ್ರಾಯದೊಳಗೆ, ಎಂದರೆ ಮೇಳದಲ್ಲಿ ನುಡಿಸುತ್ತಿದ್ದ ಕಾಲದ ಆಸುಪಾಸಿನಲ್ಲಿಯೇ, ಹುಟ್ಟಿದವು. ಪುರಾಣ ಓದಿದವನೂ ಗಿಟಾರು ಹಿಡಿದವನೂ ಒಬ್ಬನೇ ಹುಡುಗ. ಆ ಹಳ್ಳಿಯ ಹಾಡನ್ನು ಅವರು ಮುಂದೆಯೂ ಬಿಡಲಿಲ್ಲ. ತಮ್ಮ ಎರಡನೆಯ ಧ್ವನಿಮುದ್ರಿಕೆಯ ಬಹುಭಾಗವನ್ನು 1968ರಲ್ಲಿ ಕಂಟ್ರಿ ಸಂಗೀತದ ತವರಾದ ನ್ಯಾಷ್‌ವಿಲ್‌ನಲ್ಲಿಯೇ ಸಿದ್ಧಪಡಿಸಿದರು. 1988ರ ಹಾಡೊಂದರಲ್ಲಿ ಹ್ಯಾಂಕ್ ವಿಲಿಯಮ್ಸ್ ಎಂಬ ಕಂಟ್ರಿ ಗಾಯಕನಿಗೆ ತಮಗಿಂತ ಬಹಳ ಎತ್ತರದ ಸ್ಥಾನವನ್ನು ಕೊಟ್ಟರು. 2016ರಲ್ಲಿ ತೀರಿಕೊಂಡರು.

ಶಿಕ್ಷಕ ಬಂಧುಗಳೆ, ಈ ವೃತ್ತಾಂತದಲ್ಲಿ ನನ್ನನ್ನು ಚುಚ್ಚಿದ ಸಂಗತಿ ಇನ್ನೊಂದಿದೆ. ಆ ಮೊದಲ ಪುಸ್ತಕ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಕಾವ್ಯಮಾಲೆಯ ಪ್ರಥಮ ಕುಸುಮ. ಆ ಮಾಲೆಯ ಸಂಪಾದಕರಾದ ಲೂಯಿ ಡುಡೆಕ್ ಸ್ವತಃ ಕವಿಗಳು. ಕೋಹೆನರಿಗೆ ಅಲ್ಲಿ ಪಾಠ ಹೇಳಿದ ಗುರುಗಳು. ಶಿಷ್ಯನ ಹಸ್ತಪ್ರತಿ ಅವರ ಕೈಗೂ ಬಂದಿತ್ತು, ನನ್ನ ಕೈಗೂ ಬಂದಿತ್ತು. ಅವರು ಅದನ್ನು ಅಚ್ಚಿಗೆ ಕಳುಹಿಸಿದರು. ನಾನು ಅದರ ಮೇಲೆ ಗೆರೆಯೆಳೆದೆ.

ಎಲ್ಲ ಪದ್ಯಗಳೂ ಕಾವ್ಯವಾಗಲಾರವು, ಆ ಹುಡುಗಿಯದೂ ಆಗಿರಲಿಲ್ಲವೇನೋ. ಆದರೆ ಅಜ್ಜಿಯಿಂದ ಬಂದ ಆ ಲಯ ಅವಳ ಸ್ವಂತ ಆಸ್ತಿಯಾಗಿತ್ತು. ಅದರ ಮೇಲೆ ಅವಳು ಕನ್ನಡವನ್ನು ಕಟ್ಟಲು ಹೊರಟಿದ್ದಳು. ಕನ್ನಡ ಕೆಡುತ್ತದೆಂದು ಹೆದರಿದ ನನಗೆ, ಅದು ಬೆಳೆಯುತ್ತಿದ್ದುದು ಕಾಣಲಿಲ್ಲ.

ಮೊನ್ನೆ ಅವಳನ್ನು ಕರೆದು, "ತಪ್ಪು ನನ್ನದು ಮಗೂ. ಆ ಪದ್ಯವನ್ನು ನಮ್ಮ ಶಾಲೆಯ ಕೈಬರಹದ ಪತ್ರಿಕೆಗೆ ಬರೆದುಕೊಡು" ಎಂದೆ. ಆ ಹಾಳೆಯನ್ನು ಹರಿದುಬಿಟ್ಟೆನೆಂದು ಅವಳು ತಲೆತಗ್ಗಿಸಿ ಹೇಳಿದಳು. ಅಜ್ಜಿಯ ಹಾಡು ನೆನಪಿದೆಯೇ ಎಂದು ಕೇಳಿದೆ. "ಇದೆ ಸಾರ್" ಎಂದಳು. ಪತ್ರಿಕೆಯಲ್ಲಿ ಒಂದು ಪುಟವನ್ನು ಖಾಲಿ ಬಿಟ್ಟಿದ್ದೇನೆ.