ಕಬ್ಬಿನ ನಾಡಿನಲ್ಲಿ ಇಪ್ಪತ್ತು ಗುಂಟೆ ಜೋಳ

ಎಳ್ಳಮವಾಸ್ಯೆಯ ಹಿಂದಿನ ದಿನ ಬಾಗಲಕೋಟೆಯಿಂದ ಬೀಳಗಿ ಮಾರ್ಗದ ಬಸ್ಸು ಹತ್ತಿದೆ. ಅನಗವಾಡಿ ಸೇತುವೆ ಬಂದಾಗ ಎರಡೂ ಕಡೆ ನೀರೋ ನೀರು. ಆಲಮಟ್ಟಿ ಜಲಾಶಯದ ಹಿನ್ನೀರು ಅದು. ನೋಡಲು ಚೆಂದ. ಆದರೆ ಅದರಡಿ ಎಷ್ಟೋ ಮನೆಗಳಿಗೆ ವರ್ಷದ ಜೋಳ ಕೊಡುತ್ತಿದ್ದ ಎರೆಹೊಲಗಳಿವೆ. ಮುಳುಗಿದ ಹೊಲಕ್ಕೆ ಪರಿಹಾರದ ರೊಕ್ಕ ಬಂತು. ಹಗೇವಿಗೆ ಜೋಳ ಬರಲಿಲ್ಲ.

ಬೀಳಗಿ ದಾಟುವವರೆಗೆ ಅಲ್ಲಲ್ಲಿ ಬಿಳಿಜೋಳ, ಕಡಲೆ ಕಾಣುತ್ತಿದ್ದವು. ಜಮಖಂಡಿ ಹತ್ತಿರವಾದಂತೆ ಕಬ್ಬು ಶುರು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಕಾರ್ಖಾನೆ ಕಡೆ ಸಾಗಿದ್ದವು. ಈ ಹಸಿರು ಸುಮ್ಮನೆ ಬಂದದ್ದಲ್ಲ. 1989ರಲ್ಲಿ ಇಲ್ಲಿಯ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಸ್ವಂತ ವಂತಿಗೆ ಹಾಕಿ, ಮೈಮುರಿದು ದುಡಿದು ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ‘ಶ್ರಮಬಿಂದು ಸಾಗರ’ ಅಂತ ಅದಕ್ಕೆ ಹೆಸರು. ನೀರು ಬಂತು, ನೀರಿನ ಹಿಂದೆ ಕಬ್ಬು ಬಂತು, ಜೋಳ ಹಿಂದೆ ಸರಿಯಿತು.

ನಮ್ಮ ಚಿಗವ್ವನ ಊರು ಇದೇ ಹೊಳೆದಂಡೆಯಲ್ಲಿದೆ. ಮೂರು ಎಕರೆ ಹೊಲ. ಎರಡೂವರೆ ಎಕರೆ ಕಬ್ಬು, ಉಳಿದ ಇಪ್ಪತ್ತು ಗುಂಟೆ ಜೋಳ. ಈ ಇಪ್ಪತ್ತು ಗುಂಟೆಯ ಸಲುವಾಗಿಯೇ ಮನೆಯಲ್ಲಿ ಜಗಳ ನಡೆದಿತ್ತು. ಮುಂದಿನ ಸಲ ಅದಕ್ಕೂ ಕಬ್ಬು ಹಚ್ಚಬೇಕು ಅಂತ ಕಾಕಾ, ಆಗೂದಿಲ್ಲ ಅಂತ ಚಿಗವ್ವ.

“ಕಬ್ಬು ರೊಕ್ಕಾ ಕೊಡತೈತಿ ಯವ್ವಾ, ಖರೆ. ಆದ್ರ ರೊಕ್ಕ ಬರೂತನಕ ಹೊಟ್ಟಿ ಕಾಯ್ತೈತೇನು?” ಅಂದಳು ಚಿಗವ್ವ, ರೊಟ್ಟಿ ಬಡಿಯುತ್ತಲೇ.

ಕಬ್ಬು ಕಳಿಸಿದ 14 ದಿನದೊಳಗೆ ಬಿಲ್ಲು ಕೊಡಬೇಕು ಅನ್ನುತ್ತದೆ ಕಾನೂನು. ಒಂದು ವರ್ಷ ಇವರಿಗೆ ತಿಂಗಳುಗಟ್ಟಲೆ ಬರಲಿಲ್ಲವಂತೆ. ಆಗ ಅಂಗಡಿಯಿಂದ ಉದ್ದರಿ ತಂದ ಜೋಳವೇ ಗತಿ. ಬಿಲ್ಲು ಬಂದಾಗಲೂ ಅದು ಸೇರಿದ್ದು ಕಾಕಾನ ಖಾತೆಗೆ. ಸೊಸೈಟಿ ಸಾಲ, ಗೊಬ್ಬರದ ಬಾಕಿ ಹರಿದು ಉಳಿದದ್ದು ಅಷ್ಟಕ್ಕಷ್ಟೆ. ಜೋಳ ಹಾಗಲ್ಲ. ಅದರ ಚೀಲದ ಬಾಯಿ ಚಿಗವ್ವನ ಕೈಯಲ್ಲಿರುತ್ತದೆ. ಕಣಿಕೆ ಎಮ್ಮೆಗೆ, ಎಮ್ಮೆಯ ಹಾಲು ಮೊಮ್ಮಕ್ಕಳಿಗೆ.

“ರೇಷನ್ ಅಕ್ಕಿ ಬರೂದಿಲ್ಲೇನ ಚಿಗವ್ವಾ?” ಅಂದೆ.

“ಬರ್ತೈತಿ. ಅನ್ನಭಾಗ್ಯ ಬಂದ ಮ್ಯಾಲೆ ಉಪವಾಸ ಬಿದ್ದಿಲ್ಲ, ಸುಳ್ಳ ಯಾಕ ಹೇಳ್ಲಿ? ಆದ್ರ ಹೊಲದಾಗ ದುಡಿಯೂ ಮೈಗೆ ರೊಟ್ಟಿ ಬೇಕವ್ವಾ.”

ಕಾಕಾನ ಮಾತೂ ತಳ್ಳಿಹಾಕುವಂಥದ್ದಲ್ಲ. ಜೋಳ ಕೊಯ್ಯಲು ಆಳು ಸಿಗುವುದಿಲ್ಲ, ಸುತ್ತ ಕಬ್ಬಿದ್ದು ನಡುವೆ ಜೋಳವಿದ್ದರೆ ಹಕ್ಕಿಗಳೆಲ್ಲ ಅಲ್ಲಿಗೇ ಬರುತ್ತವೆ. 2019ರ ಆಗಸ್ಟ್‌ನಲ್ಲಿ ಹೊಳೆ ಮನೆಯೊಳಗೇ ಬಂದಾಗ ಕೂಡಿಟ್ಟ ಜೋಳವೆಲ್ಲ ತೋಯ್ದು ಮೊಳಕೆಯೊಡೆದು ನಾರಿತು. ಆಗ ಮನೆ ಹಿಡಿದದ್ದು ಬನಹಟ್ಟಿಯಲ್ಲಿ ಮಗ್ಗದ ಕೆಲಸಕ್ಕೆ ಹೋಗುವ ಸಣ್ಣ ಮಗನ ವಾರದ ಪಗಾರ. ರಬಕವಿ-ಬನಹಟ್ಟಿಯ ಮಗ್ಗಗಳು ಸೀರೆಯನ್ನಷ್ಟೇ ನೇಯುವುದಿಲ್ಲ, ಸುತ್ತಲಿನ ಸಣ್ಣ ಹಿಡುವಳಿದಾರರ ಒಲೆಯನ್ನೂ ಉರಿಸುತ್ತವೆ.

ಮರುದಿನ ಬುತ್ತಿ ಹೊತ್ತು ಹೊಲಕ್ಕೆ ಹೋದೆವು. ಸಜ್ಜಿರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಅಗಸಿ ಚಟ್ನಿ, ಶೇಂಗಾ ಹೋಳಿಗೆ. ಕಬ್ಬಿನ ಬದುವಿನಲ್ಲೇ ನಡೆದು ಜೋಳದ ತುಣುಕು ತಲುಪಿದಾಗ ಒಮ್ಮೆಲೇ ಬಯಲು ಬಿಚ್ಚಿಕೊಂಡಂತಾಯಿತು. ತೆನೆ ಹಾಲು ತುಂಬುತ್ತಿತ್ತು. ಐದು ಕಲ್ಲಿಟ್ಟು ಪೂಜಿಸಿ, ಕಾಕಾ ಹೊಲದ ಸುತ್ತ ಚರಗ ಚೆಲ್ಲಿದ. ಪಕ್ಕದ ಹೊಲದವರೂ ತಮ್ಮ ಬುತ್ತಿ ತಂದು ಇಲ್ಲೇ ಬಂದು ಕುಂತರು. ಅವರದು ಬರೀ ಕಬ್ಬು, ಕೂಡಲು ಜಾಗವೇ ಇಲ್ಲ.

ಊಟವಾದ ಮೇಲೆ ಕಾಕಾ ಒಂದು ತೆನೆ ಕೈಯಲ್ಲಿ ಹಿಡಿದು ಸುಮಾರು ಹೊತ್ತು ನೋಡಿದ. “ಇನ್ನೊಂದ ವರ್ಷ ಇರ್ಲಿ ಬಿಡು” ಅಂದ. ಚಿಗವ್ವ ಏನೂ ಅನ್ನಲಿಲ್ಲ. ಅವನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿದಳು.

ಮರಳುವಾಗ ಮುಧೋಳದಲ್ಲಿ ಬಸ್ಸು ಬದಲಿಸಿದೆ. ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಕಟಕ ರೊಟ್ಟಿಯ ಕಟ್ಟುಗಳು ಮಾರಾಟಕ್ಕಿದ್ದವು. ಕೊಳ್ಳುತ್ತಿದ್ದವರು ಪೇಟೆಯವರಲ್ಲ, ಹಳ್ಳಿಗೆ ಹೊರಟ ರೈತರು. ನನ್ನ ತೊಡೆಯ ಮೇಲೆ ಚಿಗವ್ವ ಕಟ್ಟಿಕೊಟ್ಟ ಐದು ಸೇರು ಹಳೆಯ ಜೋಳದ ಗಂಟಿತ್ತು. ಊರು ಮುಟ್ಟುವವರೆಗೂ ಅದನ್ನು ಕೆಳಗಿಡಲು ಮನಸ್ಸಾಗಲಿಲ್ಲ.